ಹೊನ್ನೇರು, ಕಿಚ್ಚು ಮತ್ತು ಮೇ ತಿಂಗಳ ಮೊದಲ ದಿನ

ಬೇಸಗೆಯನ್ನು ಸಂಭ್ರಮದಿಂದ ಬರಮಾಡಿಕೊಳ್ಳುವ ಹಬ್ಬವೆಂದರೆ ತಿಪಟೂರು ಸೀಮೆಯ ರೈತರಿಗೆ ವಿಚಿತ್ರವೆನಿಸಬಹುದು. ಏಕೆಂದರೆ ಹಾಲ್ಕುರಿಕೆಯ ಸುತ್ತಿನಿಂದ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳವರೆಗೆ ಹಬ್ಬಿರುವ ಈ ತೆಂಗಿನ ನಾಡಿನಲ್ಲಿ ಬೇಸಗೆಯೆಂದರೆ ಕೆರೆಯಂಗಳ ಬಿರಿಯುವ, ಕೊಳವೆಬಾವಿಯ ನೀರು ತಳ ಸೇರುವ, ತೆಂಗಿನ ಹರಳು ಉದುರುವ ಕಾಲ. ಆದರೆ ವರ್ಷದ ತಿರುವಿನಲ್ಲಿ ಬೆಂಕಿ, ರಾಸು ಮತ್ತು ಹಸಿರೆಲೆ ಈ ಮೂರನ್ನೂ ಮುಂದಿಟ್ಟುಕೊಂಡು ಊರು ಒಂದಾಗಿ ನಡೆಸುವ ಆಚರಣೆಗಳು ಇಲ್ಲಿಯೂ ಇವೆ, ಸಾವಿರಾರು ಮೈಲಿ ದೂರದ ಐರ್ಲೆಂಡಿನಲ್ಲಿಯೂ ಇದ್ದವು.

ಐರ್ಲೆಂಡ್, ಸ್ಕಾಟ್ಲೆಂಡ್ ಮುಂತಾದ ಕಡೆ ನೆಲೆಸಿದ್ದ, ಕೆಲ್ಟಿಕ್ ಎಂಬ ಭಾಷಾ ವರ್ಗಕ್ಕೆ ಸೇರಿದ ನುಡಿಗಳನ್ನಾಡುತ್ತಿದ್ದ ಜನ ಮೇ 1ನ್ನು ಬೇಸಗೆಯ ಮೊದಲ ದಿನವೆಂದು ಎಣಿಸಿ ಅದನ್ನು ‘ಬೆಲ್ಟೇನ್’ ಎಂದು ಕರೆದರು. ಕ್ರಿ.ಶ. 908ರಲ್ಲಿ ಮಡಿದ ಕಾರ್ಮಕ್ ಎಂಬ ರಾಜ ಹಾಗೂ ಬಿಷಪ್ಪನ ಹೆಸರಿನಲ್ಲಿರುವ ಹಳೆಯ ಐರಿಷ್ ಪದಕೋಶವು, ಡ್ರೂಯಿಡರೆಂಬ ಪುರೋಹಿತರು ಮಂತ್ರ ಹೇಳಿ ಎರಡು ಬೆಂಕಿಗಳನ್ನು ಹೊತ್ತಿಸುತ್ತಿದ್ದರೆಂದೂ ರೋಗ ತಗಲದಿರಲೆಂದು ದನಗಳನ್ನು ಅವುಗಳ ನಡುವೆ ಹೊಡೆಯುತ್ತಿದ್ದರೆಂದೂ ಹೇಳುತ್ತದೆ. ಚಳಿಗಾಲವನ್ನು ಕೊಟ್ಟಿಗೆಯಲ್ಲಿ ಕಳೆದ ದನಗಳು ಗುಡ್ಡದ ಹುಲ್ಲುಗಾವಲಿಗೆ ಹೊರಡುವ ಹೊತ್ತು ಅದಾಗಿದ್ದುದರಿಂದ, ಆ ಬೆಂಕಿಯ ಹಿಂದಿದ್ದ ಕಾಳಜಿ ಕಟ್ಟುಕತೆಯದಲ್ಲ, ಬದುಕಿನದು.

ಹಳೆಯ ಮೈಸೂರು ಸೀಮೆಯ ಓದುಗರು ಇದನ್ನು ಓದಿದೊಡನೆ ಸಂಕ್ರಾಂತಿಯ ಸಂಜೆಯನ್ನು ನೆನೆಯದಿರಲಾರರು. ಅಂದು ರಾಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂವು ಗೆಜ್ಜೆ ಕಟ್ಟಿ, ಊರ ಮುಂದಿನ ದಾರಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿಯಿಟ್ಟು ಅವುಗಳನ್ನು ಅದರ ಮೇಲೆ ಓಡಿಸುತ್ತಾರೆ. ಇದಕ್ಕೆ ‘ಕಿಚ್ಚು ಹಾಯಿಸುವುದು’ ಎಂದು ಹೆಸರು. ಮೈಗೆ ಹತ್ತಿದ ಉಣ್ಣೆ ಉದುರುತ್ತದೆ, ಪೀಡೆ ಕಳೆಯುತ್ತದೆ ಎಂಬುದು ಹಿರಿಯರು ಕೊಡುವ ವಿವರಣೆ. ಕೋನೇಹಳ್ಳಿಯಲ್ಲಿ ಅಮೃತಮಹಲ್ ತಳಿಯನ್ನು ಕಾಪಾಡುವ ಕೇಂದ್ರವನ್ನೇ ಹೊಂದಿರುವ ತಿಪಟೂರು ತಾಲ್ಲೂಕಿನಂತಹ ದನಗಾಹಿ ಸೀಮೆಯಲ್ಲಿ ಆ ಕಾಳಜಿಯ ತೂಕ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಹೋಲಿಕೆಯನ್ನು ಕಂಡು ಎರಡೂ ನಾಡುಗಳಿಗೆ ಒಂದೇ ಮೂಲವನ್ನು ಊಹಿಸುವುದು ಸುಲಭವಾದರೂ ಅದು ಅವಸರದ ತೀರ್ಮಾನ. ದನವನ್ನೇ ಸಂಪತ್ತೆಂದು ಬಗೆದ ಜನ, ಋತು ಬದಲಾಗುವಾಗ ಅದನ್ನು ಕಾಯಲು ತಮಗೆ ತಿಳಿದ ಅತ್ಯಂತ ಬಲವಾದ ವಸ್ತುವಿನ ಮೊರೆಹೊಕ್ಕರು ಎಂಬುದೇ ಹೆಚ್ಚು ನಂಬಲರ್ಹವಾದ ಮಾತು.

ಹೊಸ ಋತುವಿನ ನಿಜವಾದ ಬಾಗಿಲು ಇಲ್ಲಿ ತೆರೆಯುವುದು ಯುಗಾದಿಗೆ. ಎಣ್ಣೆ ನೀರು, ಮಾವಿನ ತೋರಣ, ಬೇವು ಬೆಲ್ಲ, ಒಬ್ಬಟ್ಟುಗಳು ಮನೆಯೊಳಗಿನ ಹಬ್ಬವಾದರೆ, ‘ಹೊನ್ನೇರು’ ಅಥವಾ ‘ಹೊನ್ನಾರು’ ಊರಿನ ಹಬ್ಬ. ಏರು, ಆರು ಎಂದರೆ ಎತ್ತಿನ ಜೋಡಿ ಹೂಡಿದ ನೇಗಿಲು. ಹೊಸ ವರ್ಷದ ಮೊದಲ ಉಳುಮೆ ಹೊನ್ನಿಗೆ ಸಮನಾದುದರಿಂದ ಅದಕ್ಕೆ ಈ ಹೆಸರು. ಪಂಚಾಂಗ ನೋಡಿ ಗಳಿಗೆಯನ್ನೂ ಮುಂದಿನ ಏರನ್ನು ಹಿಡಿಯಬೇಕಾದವರ ಹೆಸರನ್ನೂ ಗೊತ್ತುಮಾಡುವ ರೂಢಿ ಅನೇಕ ಊರುಗಳಲ್ಲಿದೆ. ನೇಗಿಲು ನೊಗಗಳನ್ನು ತೊಳೆದು, ಅರಿಸಿನ ಕುಂಕುಮವಿಟ್ಟು, ಹೂವು ಮುಡಿಸಿ, ಮೊದಲ ಏರಿನ ಹಿಂದೆ ಉಳಿದ ಏರುಗಳು ಸಾಲುಗಟ್ಟಿ ಬೀದಿಯಲ್ಲಿ ಸಾಗುವಾಗ, ಹೆಂಗಸರು ಬಾಗಿಲಿಗೆ ಬಂದು ಎತ್ತುಗಳ ಕಾಲಿಗೆ ನೀರು ಹಾಕಿ ಆರತಿ ಬೆಳಗುತ್ತಾರೆ. ಹೊಲದಲ್ಲಿ ತೆಂಗಿನಕಾಯಿ ಒಡೆದು, ಕೆಲವೇ ಸಾಲು ಉತ್ತು, ಏರನ್ನು ಬಿಡುತ್ತಾರೆ. ಆ ಹೊತ್ತಿಗೆ ನೆಲ ಬಹುಪಾಲು ಒಣಗಿಯೇ ಇರುತ್ತದೆ. ಗುಳ ಇಳಿದಲ್ಲಿ ಹೆಂಟೆ ಮಾತ್ರ ಏಳುತ್ತದೆ. ಇನ್ನೂ ಬಾರದ ಮಳೆಯ ಮೇಲಿನ ಭರವಸೆಯಿಂದ ಎಳೆದ ಸಾಲುಗಳು ಅವು.

ಇಂಗ್ಲೆಂಡಿನ ಜನಪದರು ಕೂಡ ಮೇ ಹಬ್ಬಕ್ಕೆ ಎತ್ತುಗಳನ್ನೇ ಸಿಂಗರಿಸಿದ್ದರು. 1583ರಲ್ಲಿ ಫಿಲಿಪ್ ಸ್ಟಬ್ಸ್ ಎಂಬ ಕಟ್ಟಾ ಧರ್ಮನಿಷ್ಠ ಲೇಖಕ ಇದನ್ನು ಖಂಡಿಸಲೆಂದೇ ವರ್ಣಿಸಿದ್ದಾನೆ: ಇಪ್ಪತ್ತು ನಲವತ್ತು ಜೋಡಿ ಎತ್ತುಗಳು, ಪ್ರತಿ ಕೊಂಬಿನ ತುದಿಗೂ ಹೂಗೊಂಚಲು, ಅವು ಕಾಡಿನಿಂದ ಎಳೆದು ತರುತ್ತಿದ್ದುದು ‘ಮೇಪೋಲ್’ ಎಂಬ ಎತ್ತರದ ಕಂಬ. ಊರ ನಡುವೆ ಅದನ್ನು ನೆಟ್ಟು ಸುತ್ತಲೂ ಕುಣಿಯುತ್ತಿದ್ದರು. 1644ರಲ್ಲಿ ಪಾರ್ಲಿಮೆಂಟು ಇಂತಹ ಕಂಬಗಳನ್ನು ನಿಷೇಧಿಸಿತು. ಅರಸೊತ್ತಿಗೆ ಮರಳಿದ ಮೇಲೆ, 1661ರಲ್ಲಿ, ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ 134 ಅಡಿ ಎತ್ತರದ ಕಂಬ ಎದ್ದಿತು. ಬಣ್ಣದ ಪಟ್ಟಿಗಳನ್ನು ಹಿಡಿದು ಕಂಬಕ್ಕೆ ಹೆಣೆಯುವ ಕುಣಿತ ಅಲ್ಲಿ ಹರಡಿದ್ದು ಮಾತ್ರ 19ನೆಯ ಶತಮಾನದಲ್ಲಿ. ಮೇಲಿಂದ ಇಳಿಬಿಟ್ಟ ಹಗ್ಗಗಳನ್ನು ಹಾಡಿನ ಗತಿಗೆ ಜಡೆಯಂತೆ ಹೆಣೆದು ಮತ್ತೆ ಬಿಚ್ಚುವ ಕನ್ನಡದ ಜಡೆ ಕೋಲಾಟವನ್ನು ಬಲ್ಲವರಿಗೆ ಆ ಕುಣಿತದ ಹೆಜ್ಜೆ ಹೊಸದೆನಿಸದು.

ಹಬ್ಬಕ್ಕೂ ಋತುವಿಗೂ ಇರುವ ನಂಟು ಪಂಚಾಂಗದಿಂದ ಸಡಿಲವಾಗುವುದುಂಟು. 1752ರಲ್ಲಿ ಬ್ರಿಟನ್ ಹೊಸ ಕ್ಯಾಲೆಂಡರಿಗೆ ಬದಲಾಗಿ 11 ದಿನಗಳನ್ನು ಕೈಬಿಟ್ಟಾಗ ಮೇ 1 ಮುಂಚಿತವಾಗಿಯೇ ಬಂದು, ಹಬ್ಬಕ್ಕೆ ತರುತ್ತಿದ್ದ ಹಾಥಾರ್ನ್ ಎಂಬ ಮುಳ್ಳುಗಿಡದ ಬಿಳಿ ಹೂವು ಅನೇಕ ಕಡೆ ಆ ದಿನಕ್ಕೆ ಅರಳದಂತಾಯಿತು. ಚಾಂದ್ರಮಾನ ಯುಗಾದಿಯೂ ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಹಿಂದುಮುಂದಾಗುತ್ತದೆ. ರೈತ ಮಾತ್ರ ಹಬ್ಬವನ್ನು ಚಂದ್ರನಿಗೆ ಬಿಟ್ಟು, ಬಿತ್ತನೆಯನ್ನು ಸೂರ್ಯನ ಲೆಕ್ಕದ ಮಳೆ ನಕ್ಷತ್ರಗಳಿಗೆ ಕಟ್ಟಿಕೊಂಡಿದ್ದಾನೆ. ಸೂರ್ಯ ಅಶ್ವಿನಿಯನ್ನು ದಾಟಿ ಏಪ್ರಿಲ್ 27ರ ಹೊತ್ತಿಗೆ ಭರಣಿಯನ್ನು ಸೇರಿ, ಸುಮಾರು ಎರಡು ವಾರ ಅಲ್ಲಿರುತ್ತಾನೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಹುಟ್ಟಿದ್ದು ಆ ಎರಡು ವಾರಗಳ ನಿರೀಕ್ಷೆಯಿಂದ. ಇಂದಿನ ಕ್ಯಾಲೆಂಡರಿನಲ್ಲಿ ಮೇ 1 ಅದರೊಳಗೇ ಬೀಳುತ್ತದೆ. ಆ ವಾರ ಮಳೆ ಹದವಾಗಿ ಬಿದ್ದರೆ ತಿಪಟೂರು ಸೀಮೆಯಲ್ಲಿ ಹೊನ್ನೇರಿನ ಒಣ ಸಾಲುಗಳ ಮೇಲೆ ಮತ್ತೆ ನೇಗಿಲೋ ಟ್ರ್ಯಾಕ್ಟರೋ ಹಾಯ್ದು, ತೆಂಗಿನ ತೋಟದಾಚೆಯ ಹೊಲಗಳಿಗೆ ಹೆಸರು, ಅಲಸಂದೆ, ಎಳ್ಳು ಬೀಳುತ್ತವೆ.