ಅಣ್ಣಾವ್ರು ನಿಂತ ಕಿಂಡಿ ಇದೇನಾ?

ಬೆಂಗಳೂರಿನ ರಾತ್ರಿ ಬಸ್ಸು ಬೆಳಗಿನ ಜಾವ ಕರಾವಳಿ ಬೈಪಾಸಿನಲ್ಲಿ ನನ್ನನ್ನು ಇಳಿಸಿ ಹೋಯಿತು. ನಿದ್ದೆಗಣ್ಣಿನಲ್ಲಿ ದಿಕ್ಕು ತಪ್ಪಿ ಮಲ್ಪೆ ರಸ್ತೆ ಹಿಡಿದವನಿಗೆ ಎದುರಾದ ಬೋರ್ಡು ‘ಆದಿ ಉಡುಪಿ’! ಮಠ ಇರುವುದು ಬೆನ್ನ ಹಿಂದೆ, ನಾನು ಹೊರಟದ್ದು ಕಡಲಿಗೆ... ಚಹಾದಂಗಡಿಯ ಮುಂದಿದ್ದ ಆಟೋದವರು ಕೇಳಿದರು: “ಎಲ್ಲಿಗೆ ಮಾರ್ರೆ?” “ಕೃಷ್ಣ ಮಠಕ್ಕೆ.” “ಹಾಗಾದ್ರೆ ಉಲ್ಟಾ ಬಂದಿದ್ದೀರಿ, ಕೂತ್ಕೊಳ್ಳಿ.”

ಸಿನಿಮಾ ಪತ್ರಿಕೆಯವನಿಗೆ ಮಠದಲ್ಲೇನು ಕೆಲಸ, ಶೂಟಿಂಗ್ ಇತ್ತೇ ಎಂದು ಓದುಗ ಮಹಾಶಯರು ಕೇಳಬಹುದು. ಶೂಟಿಂಗೂ ಇಲ್ಲ, ತಾರೆಯರೂ ಇಲ್ಲ. ನನ್ನನ್ನು ಅಟ್ಟಿದ್ದು ಸಂಪಾದಕರಲ್ಲ, ನಮ್ಮವ್ವ!

ನಮ್ಮದು ಬ್ಯಾಡಗಿ ಕಡೆಯ ಹಳ್ಳಿ. ಕನಕದಾಸರ ಕಾಗಿನೆಲೆ ನಮಗೆ ನೆರೆಯೂರು. ವೈ.ಆರ್. ಸ್ವಾಮಿ ನಿರ್ದೇಶನದ ‘ಭಕ್ತ ಕನಕದಾಸ’ ತೆರೆಕಂಡದ್ದು 1960ರಲ್ಲಿ. ಎಷ್ಟೋ ವರ್ಷ ಕಳೆದ ಮೇಲೂ ಅದು ಜಾತ್ರೆಗೊಮ್ಮೆ ನಮ್ಮ ಕಡೆಯ ಟೆಂಟಿಗೆ ಬರುತ್ತಲೇ ಇತ್ತು, ಪರದೆ ತುಂಬ ಗೀಚುಗೀಚಾದ ಮಳೆ ಸುರಿಸುತ್ತ! ಕನಕನಾಗಿ ರಾಜಕುಮಾರ್, ಹಾಡಿಗೆ ಪಿ.ಬಿ. ಶ್ರೀನಿವಾಸ್ ಕಂಠ. ಕಿಂಡಿಯ ದೃಶ್ಯ ಬಂದರೆ ಅವ್ವ ನೆಲದ ಮೇಲೆ ಕೂತಲ್ಲೇ ಕೈ ಮುಗಿಯುವಳು. ಅವಳ ಪಾಲಿಗೆ ಕನಕದಾಸರೂ ಅಣ್ಣಾವ್ರೂ ಬೇರೆ ಬೇರೆ ಅಲ್ಲ, ಇವತ್ತಿಗೂ!

1978ರಲ್ಲಿ ಊರಿನವರು ಬಸ್ಸು ಮಾಡಿಕೊಂಡು ಉಡುಪಿಗೆ ಹೊರಟರು. ಅವ್ವ ದುಡ್ಡು ಕೊಟ್ಟಿದ್ದಳು, ಬುತ್ತಿ ಕಟ್ಟಿದ್ದಳು. ಕೊನೇ ಗಳಿಗೆಯಲ್ಲಿ ಒಲ್ಲೆನೆಂದು ಕೂತುಬಿಟ್ಟಳು. ಕಾರಣ ಹೇಳಿದ್ದು ಮೊನ್ನೆ ಮೊನ್ನೆ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ.

“ಯಾವ ಮಂದಿ ನೀವು ಅಂತ ಕೇಳಿ ಹೊರಗ ನಿಂದರಿಸಿದ್ರ? ಸಿನಿಮಾದಾಗ ಕನಕಪ್ಪಗ ಹಂಗ ಮಾಡಿದ್ರಲ್ಲೋ ತಮ್ಮಾ. ಊರ ಮಂದಿ ಮುಂದ ಮಾನ ಹೋಗೂದು ಬ್ಯಾಡ ಅನಿಸ್ತು.”

ನನಗೆ ಮಾತೇ ಹೊರಡಲಿಲ್ಲ. ನಾನೇ ಹೋಗಿ ನೋಡಿ ಬರ್ತೀನಿ ಅಂದೆ.

ರಥಬೀದಿಗೆ ಬಂದಾಗ ಬಿಸಿಲು ಆಗಷ್ಟೇ ಇಳಿಯುತ್ತಿತ್ತು. ಸುತ್ತ ಅಷ್ಟ ಮಠಗಳು, ನಡುವೆ ಚಂದ್ರಮೌಳೀಶ್ವರ, ಅನಂತೇಶ್ವರ. ಮೊದಲು ಆ ಎರಡು ಗುಡಿ ಮುಗಿಸಿ ಆಮೇಲೆ ಕೃಷ್ಣನ ದರ್ಶನ, ಅದು ಇಲ್ಲಿಯ ರೂಢಿ. ನನಗೆಲ್ಲಿಯ ತಾಳ್ಮೆ? ಸೀದಾ ಕಿಂಡಿಯ ಮುಂದೆ ನಿಂತೆ.

ಚಿಕ್ಕದು ಕಣ್ರೀ! ಮನಸ್ಸಿನ ಪರದೆಯ ಮೇಲೆ ಬೆಳೆದು ನಿಂತಿದ್ದ ಕಿಂಡಿಗಿಂತ ಎಷ್ಟೋ ಚಿಕ್ಕದು. ಪಶ್ಚಿಮದ ಗೋಡೆಯಲ್ಲಿದೆ, ಮೇಲೆ ಗೋಪುರ. ಬಗ್ಗಿ ಇಣುಕಿದರೆ ಒಳಗಡೆ ಇನ್ನೊಂದು ಕಿಂಡಿ, ಅದರಾಚೆ ದೀಪದ ಬೆಳಕು. ಗೋಡೆ ಬಿರಿದು ದೇವರು ಕನಕನ ಕಡೆಗೆ ತಿರುಗಿದ ಎಂಬುದು ಜನ ನಂಬಿಕೊಂಡು ಬಂದ ಕಥೆ. ಮೂರ್ತಿಯ ಮುಖ ಮೊದಲಿನಿಂದಲೂ ಪಶ್ಚಿಮಕ್ಕೇ ಇತ್ತು ಎಂದು ವಾದಿಸುವವರೂ ಇದ್ದಾರೆ. ಟೆಂಟಿನಲ್ಲಿ ಬೆಳೆದ ನಾನು ಯಾವ ಪಕ್ಷ ಅಂತ ಬೇರೆ ಹೇಳಬೇಕೆ?

ಒಳಗೆ ಹೋಗುವಾಗ ನಿಜಕ್ಕೂ ಎದೆ ಡವಗುಟ್ಟಿತು. ಹೆಸರು ಕೇಳಲಿಲ್ಲ, ಕುಲ ಕೇಳಲಿಲ್ಲ. ಕೇಳಿದ್ದು ಒಂದೇ, “ಅಂಗಿ ತೆಗೀರಿ!” ನನ್ನ ಗುಡಾಣದಂಥ ಹೊಟ್ಟೆ ಹೊತ್ತು ಮಧ್ವ ಸರೋವರದ ಪಕ್ಕ ಸಾಲಿನಲ್ಲಿ ಸಾಗಿದೆ.

ಇನ್ನೇನು ಬಾಗಿಲು ಬರುತ್ತದೆ ಅಂದುಕೊಂಡರೆ... ಬಾಗಿಲೇ ಇಲ್ಲ! ಬೆಳ್ಳಿ ಹೊದಿಸಿದ, ಒಂಬತ್ತು ತೂತುಗಳ ನವಗ್ರಹ ಕಿಂಡಿ. ಗರ್ಭಗುಡಿಯ ಪೂರ್ವದ ಬಾಗಿಲು ತೆರೆಯುವುದು ವರ್ಷಕ್ಕೊಂದೇ ಸಲ, ವಿಜಯದಶಮಿಗೆ. ನಮ್ಮ ಹಿಂದಿದ್ದ ಕಾರಿನ ಸಾಹುಕಾರರೂ, ಮುಂದಿದ್ದ ಮೀನುಗಾರರ ಕುಟುಂಬವೂ, ನಾನೂ ಒಂದೇ ತೂತಿಗೆ ಕಣ್ಣಿಟ್ಟೆವು. ಕೈಯಲ್ಲಿ ಕಡೆಗೋಲು ಹಿಡಿದ ಪುಟ್ಟ ಕೃಷ್ಣ. ಹದಿಮೂರನೇ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠಾಪಿಸಿದ ಮೂರ್ತಿ. ನೋಡುವಷ್ಟರಲ್ಲಿ ಹಿಂದಿನಿಂದ “ಮುಂದೆ ಹೋಗಿ, ಮುಂದೆ ಹೋಗಿ”!

ಮಧ್ಯಾಹ್ನ ಅನ್ನ, ಸಾರು, ಪಾಯಸ ಗಡದ್ದಾಗಿ ಆಯಿತು. ಊಟದ ಪಂಕ್ತಿಭೇದದ ಬಗ್ಗೆ ಹಿಂದೆ ಎದ್ದಿದ್ದ ಗಲಾಟೆ ನೆನಪಿಗೆ ಬಾರದೆ ಇರಲಿಲ್ಲ. ಅದನ್ನೂ ಅವ್ವನಿಗೆ ಹೇಳಬೇಕು, ಮುಚ್ಚಿಟ್ಟು ಕರೆತಂದರೆ ಅದೂ ಮೋಸವೇ. ಸಂಜೆ ಮಿತ್ರ ಸಮಾಜದ ಗೋಳಿಬಜೆ. ಮಲ್ಪೆಗೆ ಹೋಗಿ ‘ಉಳಿದವರು ಕಂಡಂತೆ’ಯ (2014) ಕಡಲು ನೋಡಬೇಕೆಂದಿದ್ದೆ, ಹೊತ್ತಾಗಲಿಲ್ಲ.

ದೀಪ ಹೊತ್ತಿಸಿದ ಮೇಲೆ ಮತ್ತೆ ಕನಕನ ಕಿಂಡಿಯ ಎದುರು ಬಂದು ಅವ್ವನಿಗೆ ಫೋನು ಹಚ್ಚಿದೆ.

“ಒಳಗ ಬಿಟ್ರೇನೋ?”

“ಬಿಟ್ರು ಅವ್ವಾ. ಯಾರೂ ಏನೂ ಕೇಳಲಿಲ್ಲ.”

“ದೇವರ ಹತ್ತಿರಕ್ಕ ಹೋದೇನು?”

“ಇಲ್ಲ. ಒಳಗೂ ಕಿಂಡೀನೇ ಐತಿ. ಎಲ್ಲಾರೂ ಅದರಾಗ ಹಣಿಕಿ ಹಾಕಿ ನೋಡಬೇಕು, ಎಂಥಾ ದೊಡ್ಡ ಮನಷ್ಯಾ ಆದ್ರೂ.”

ಆ ಕಡೆ ಬಹಳ ಹೊತ್ತು ಮಾತಿಲ್ಲ. ಲೈನು ಹೋಯಿತೇನೋ ಅಂದುಕೊಂಡೆ. ಆಮೇಲೆ ಸಣ್ಣಗೆ ನಗು ಕೇಳಿತು.

“ಹಂಗಾದ್ರ ನಲವತ್ತೈದು ವರ್ಷ ಸುಮ್ಮನ ಅಂಜಿದೆ ನೋಡು... ದೀಪಾವಳಿ ಆದಮ್ಯಾಲೆ ಕರಕೊಂಡು ಹೋಗು. ಮಣಕಾಲು ಬ್ಯಾನಿ ಐತಿ, ಬಸ್ಸಿನಾಗ ಕಿಡಕಿ ಬಾಜೂ ಸೀಟು ಹಿಡಿ.”

“ಟಿಕೀಟು ಈಗ್ಲೇ ಕೇಳ್ತೀನಿ ಅವ್ವಾ.”

“ಏಯ್, ಅಣ್ಣಾವ್ರು ನಿಂತ ಜಾಗಾ ಖರೇ ಅದ ಹೌದಲ್ಲೋ?”

ಹೌದೆಂದೆ.