ಕಲ್ಯಾಣದ ಖಾಡಿಯಲ್ಲಿ ಹಡಗು ಕಟ್ಟಿದವರು

ಐರೋಲಿಯ ಸೇತುವೆಯನ್ನು ದಾಟುವಾಗ ನಮಗೆ ನಿತ್ಯ ಕಾಣುವುದು ಖಾಡಿಯ ಕೆಸರು ಮತ್ತು ಕಾಂಡ್ಲಾ ಗಿಡಗಳು. ಈ ಖಾಡಿಯು ಉತ್ತರದಲ್ಲಿ ಠಾಣೆಯ ಬಳಿ ಉಲ್ಹಾಸ ನದಿಯ ನೀರನ್ನು ಕೂಡುತ್ತದೆ. ಆ ನದಿಯ ಜಾಡು ಹಿಡಿದು ಮೇಲಕ್ಕೆ ಹೋದರೆ ಕಲ್ಯಾಣ. ರೈಲಿನ ಜಂಕ್ಷನ್ನೆಂದೇ ನಾವು ಬಲ್ಲ ಈ ಊರು ಪುರಾತನ ರೇವುಪಟ್ಟಣ. ಕ್ರಿ. ಶ. 1ನೆಯ ಶತಮಾನದ ಗ್ರೀಕ್ ನಾವಿಕನೊಬ್ಬನ ಬರಹದಲ್ಲಿಯೂ ಇದರ ಹೆಸರುಂಟು. ಇಲ್ಲಿ ಹಡಗು ಕಟ್ಟುವ ರಾಜಕಾರ್ಯವೊಂದು ನಡೆದ ಸಂಗತಿಯನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

1657ರಲ್ಲಿ ಶಿವಾಜಿಯು ಬಿಜಾಪುರದ ಆದಿಲಶಾಹಿಯ ಕೈಯಿಂದ ಕಲ್ಯಾಣ ಮತ್ತು ಭಿವಂಡಿಗಳನ್ನು ಗೆದ್ದುಕೊಂಡನು. ಆಗ ಅವನಿಗೆ ಇನ್ನೂ ಪಟ್ಟಾಭಿಷೇಕವಾಗಿರಲಿಲ್ಲ. ಅದು ಆದುದು 1674ರಲ್ಲಿ. ಪೋರ್ತುಗೀಜರ ಕಣ್ಣಿಗೆ ಅವನು ಶಹಾಜಿಯ ಮಗನಷ್ಟೆ. ಆ ಶಹಾಜಿಯಾದರೋ ನಮ್ಮ ಬೆಂಗಳೂರಿನ ಜಹಗೀರುದಾರ! ಕರಾವಳಿ ಕೈಗೆ ಬಂದೊಡನೆ ಜಂಜೀರೆಯ ಸಿದ್ದಿಯ ಕಾಟ ಎದುರಾಯಿತು. ಸಿದ್ದಿಯ ಬಲವಿದ್ದುದು ನೀರಿನ ಮೇಲೆ. ಹಡಗಿಲ್ಲದೆ ಅವನನ್ನು ತಡೆಯುವುದು ಸಾಧ್ಯವಿರಲಿಲ್ಲ.

ಹಡಗು ಕಟ್ಟಲು ಕಲ್ಯಾಣ ತಕ್ಕ ಸ್ಥಳ. ಸಹ್ಯಾದ್ರಿಯ ತೇಗ ಹತ್ತಿರ. ಬಿರುಗಾಳಿಯ ಭಯವಿಲ್ಲದ ಖಾಡಿ. ಕಟ್ಟಿದ ನಾವೆಯನ್ನು ಎತ್ತಿ ತೇಲಿಸಲು ಭರತಿಯ ನೀರು. ಆದರೆ ಒಂದು ತೊಡಕಿತ್ತು. ಇಲ್ಲಿಂದ ಸಮುದ್ರಕ್ಕೆ ಹೋಗುವ ದಾರಿಯಲ್ಲಿ ಠಾಣೆ, ವಸಯಿಗಳೆರಡೂ ಪೋರ್ತುಗೀಜರ ವಶದಲ್ಲಿದ್ದವು. ಮನೆ ನಮ್ಮದು, ಬಾಗಿಲು ಪರರದು ಎಂಬಂತೆ!

1659ರ ಪೋರ್ತುಗೀಜ ಕಾಗದಪತ್ರಗಳಲ್ಲಿ ಶಿವಾಜಿಯು ಇಲ್ಲಿ 20 ಯುದ್ಧನೌಕೆಗಳನ್ನು ಕಟ್ಟಿಸುತ್ತಿರುವ ಸುದ್ದಿಯಿದೆ. ಅವು ಹುಟ್ಟು ಹಾಕಿ ನಡೆಸುವ, ಸಣ್ಣ ಗಾತ್ರದ, ಚುರುಕಾದ ನಾವೆಗಳು. ವಿಚಿತ್ರವೆಂದರೆ, ಕಟ್ಟುವ ಕೆಲಸದ ಮೇಸ್ತ್ರಿಗಳು ಪೋರ್ತುಗೀಜರೇ! ರುಯಿ ಲೈತಾಂವ್ ವಿಯೇಗಸ್ ಎಂಬಾತನೂ ಫೆರ್ನಾಂವ್ ವಿಯೇಗಸ್ ಎಂಬಾತನೂ ಅವರ ಮುಖಂಡರು. ಅವರೊಡನೆ 300ಕ್ಕೂ ಮಿಕ್ಕ ಜನ. ವಸಯಿಯ ಅಧಿಕಾರಿಗೆ ಇದು ಸಹಿಸಲಿಲ್ಲ. ಇಂದು ಸಿದ್ದಿಗಾಗಿ ಕಟ್ಟಿದ ಹಡಗು ನಾಳೆ ತಮ್ಮ ಮೇಲೆಯೇ ತಿರುಗೀತೆಂಬ ಅಂಜಿಕೆಯಿಂದ, ಆತನು ಒಳಗಿಂದೊಳಗೆ ಮನವೊಲಿಸಿ ಅವರನ್ನೆಲ್ಲ ಕೆಲಸ ಬಿಡಿಸಿದನು.

ಮೇಸ್ತ್ರಿಗಳು ಹೋದರು, ಕೆಲಸ ಮಾತ್ರ ನಿಲ್ಲಲಿಲ್ಲ. ಕೊಂಕಣದ ಬಡಗಿಗಳಿಗೆ ದೋಣಿ ಕಟ್ಟುವುದು ಹೊಸತಲ್ಲ. ಆರೇ ವರ್ಷಗಳಲ್ಲಿ, 1665ರ ಫೆಬ್ರವರಿಯಲ್ಲಿ, 3 ದೊಡ್ಡ ಹಡಗುಗಳೂ 85 ಸಣ್ಣ ನೌಕೆಗಳೂ ಮಾಲವಣದಿಂದ ದಕ್ಷಿಣಕ್ಕೆ ಹೊರಟವು. ಎಲ್ಲಿಗೆ? ನಮ್ಮ ಬಸರೂರಿಗೆ!

ಕುಂದಾಪುರದ ಸಮೀಪದ ಬಸರೂರು ಆಗ ಕೆಳದಿ ಅರಸರ ಸಿರಿವಂತ ರೇವು. ಅಕ್ಕಿಯ ವ್ಯಾಪಾರಕ್ಕೆ ಹೆಸರಾದುದು. ಅದು ಸೂರೆಯಾಯಿತು. ಬಳಿಕ ಶಿವಾಜಿಯು ಗೋಕರ್ಣಕ್ಕೂ ಕಾರವಾರಕ್ಕೂ ಬಂದನು. ಕಾರವಾರದ ಇಂಗ್ಲಿಷ್ ವರ್ತಕರು ಹಣ ತೆತ್ತು ಪಾರಾದರು.

ಹೀಗೆ ಒಂದೇ ಕಥೆಗೆ ಎರಡು ದಡಗಳು. ಅನ್ನ ನೀಡಿದ ಈ ನಾಡಿನಲ್ಲಿ ಆ ಹಡಗುಪಡೆ ಹೆಮ್ಮೆಯ ವಿಷಯ. ಹುಟ್ಟಿದ ನಾಡಿನ ಬಸರೂರಿಗೆ ಅದೇ ಪಡೆ ನಷ್ಟ ತಂದಿತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ.

ಸ್ಪೇನಿನ ಬಾರ್ಸೆಲೋನಾದಲ್ಲಿ 13ನೆಯ ಶತಮಾನದಿಂದ ಬೆಳೆದ ಅರಸರ ಹಡಗುಕಟ್ಟೆಯ ಕಲ್ಲಿನ ಕಮಾನುಗಳು ಇಂದಿಗೂ ನಿಂತಿವೆ, ಅಲ್ಲೀಗ ವಸ್ತುಸಂಗ್ರಹಾಲಯವಿದೆ. ಕಲ್ಯಾಣದಲ್ಲಿ ಅಂಥ ಕಮಾನುಗಳಿಲ್ಲ. ಖಾಡಿಯ ದಡದಲ್ಲಿ ದುರ್ಗಾಡಿಯ ಕೋಟೆಯಿದೆ, ಕೆಳಗೆ ಅದೇ ಭರತಿ-ಇಳಿತದ ನೀರಿದೆ. ರಜೆಯ ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ, ಶಾಲೆಯ ಪುಸ್ತಕದ ಶಿವಾಜಿಯೊಡನೆ ಹೆಸರುಳಿಯದ ಆ ಬಡಗಿಗಳನ್ನೂ, ದೂರದ ಬಸರೂರನ್ನೂ ಅವರಿಗೆ ಒಮ್ಮೆ ಹೇಳೋಣ.