ನೃತ್ಯವೃಂದಗಳ ಪಾಠಶಾಲೆಯಲ್ಲಿ ಚಾರ್ಲಿ ಪಾರ್ಕರ್

ಸ್ಯಾಕ್ಸೋಫೋನ್ ಎಂದೊಡನೆ ಕನ್ನಡಿಗರಾದ ನಮಗೆ ಮೊದಲು ನೆನಪಾಗುವ ಹೆಸರು ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಈ ಪಾಶ್ಚಾತ್ಯ ವಾದ್ಯಕ್ಕೆ ಮನಸೋತು, ವರ್ಷಗಟ್ಟಲೆ ಸಾಧನೆ ಮಾಡಿ, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಆ ಕಲಾವಿದರು 2019ರಲ್ಲಿ ನಮ್ಮನ್ನು ಅಗಲಿದರು. ಆದರೆ ಪ್ರಪಂಚದ ಹೆಚ್ಚಿನ ಜನರಿಗೆ ಸ್ಯಾಕ್ಸೋಫೋನ್ ಎಂದರೆ ಜಾಝ್. ಆ ಸಂಗೀತದಲ್ಲಿ ಈ ವಾದ್ಯವನ್ನು ನುಡಿಸುವ ರೀತಿಯನ್ನೇ ಬದಲಿಸಿದವನು ಅಮೆರಿಕದ ಚಾರ್ಲಿ ಪಾರ್ಕರ್. ಅವನ ಕೀರ್ತಿಯ ದಿನಗಳ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ. ಇಲ್ಲಿ ಹೇಳಹೊರಟಿರುವುದು ಅದಕ್ಕೂ ಮುಂಚಿನ ಕತೆ. 1935ರಿಂದ 1942ರವರೆಗೆ, ಊರಿನ ನೃತ್ಯವೃಂದಗಳಲ್ಲಿ ನುಡಿಸುತ್ತ, ಎಡವುತ್ತ, ನಗೆಪಾಟಲಿಗೀಡಾಗುತ್ತ ಅವನು ಕಲಿತ ಬಗೆ ನಮ್ಮ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಯರಿಗೂ ತಿಳಿದಿರಬೇಕಾದದ್ದು.

ವಾದ್ಯದ ಪರಿಚಯ

ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯ ತಯಾರಕ ಈ ವಾದ್ಯಕ್ಕೆ 1846ರಲ್ಲಿ ಪೇಟೆಂಟ್ ಪಡೆದ. ಅವನ ಹೆಸರೇ ವಾದ್ಯಕ್ಕೂ ಬಂತು. ನೋಡಲು ಇಡೀ ವಾದ್ಯ ಹಿತ್ತಾಳೆಯದು. ಆದರೂ ಸಂಗೀತಜ್ಞರು ಇದನ್ನು ಕೊಳಲು, ಕ್ಲಾರಿನೆಟ್‌ಗಳ ಗುಂಪಿಗೆ ಸೇರಿಸುತ್ತಾರೆ. ಏಕೆಂದರೆ ಇದರಲ್ಲಿ ನಾದ ಹುಟ್ಟುವುದು ಬಾಯಿಗೆ ಹಿಡಿಯುವ ಭಾಗಕ್ಕೆ ಕಟ್ಟಿದ ಒಂದು ತೆಳುವಾದ ಬೆತ್ತದ ಪಟ್ಟಿಯ ಕಂಪನದಿಂದ. ನಾಗಸ್ವರದ ಪೀಪಿಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ವಾದ್ಯದ ಗಾತ್ರಕ್ಕೆ ತಕ್ಕಂತೆ ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಎಂಬ ಬಗೆಗಳಿವೆ. ಪಾರ್ಕರ್ ನುಡಿಸಿದ್ದು ಮುಖ್ಯವಾಗಿ ಆಲ್ಟೊ.

ಸಂಗೀತದ ಊರು

ಚಾರ್ಲಿ ಹುಟ್ಟಿದ್ದು 1920ರ ಆಗಸ್ಟ್ 29ರಂದು, ಕ್ಯಾನ್ಸಾಸ್ ರಾಜ್ಯದ ಕ್ಯಾನ್ಸಾಸ್ ಸಿಟಿಯಲ್ಲಿ. ಬೆಳೆದದ್ದು ಪಕ್ಕದಲ್ಲೇ ಇರುವ, ಮಿಸ್ಸೌರಿ ರಾಜ್ಯದ ಅದೇ ಹೆಸರಿನ ದೊಡ್ಡ ನಗರದಲ್ಲಿ. ತಂದೆ ಮನೆಯಿಂದ ದೂರವಾಗಿದ್ದರು. ತಾಯಿ ಆಡಿ ಪಾರ್ಕರ್ ರಾತ್ರಿ ಹೊತ್ತು ಕಚೇರಿ ಶುಚಿಗೊಳಿಸುವ ಕೆಲಸ ಮಾಡಿ ಮಗನನ್ನು ಸಾಕಿದರು. ಸುಮಾರು 45 ಡಾಲರ್ ಕೊಟ್ಟು ಅವನಿಗೆ ಸ್ಯಾಕ್ಸೋಫೋನ್ ತಂದುಕೊಟ್ಟವರೂ ಅವರೇ. ಅಂದಿನ ಆರ್ಥಿಕ ಮುಗ್ಗಟ್ಟಿನಲ್ಲಿ ಅದು ಸಣ್ಣ ಮೊತ್ತವಾಗಿರಲಿಲ್ಲ.

ಆ ಕಾಲದ ಕ್ಯಾನ್ಸಾಸ್ ಸಿಟಿ ಒಂದು ವಿಚಿತ್ರ ಊರು. 1920ರಿಂದ 1933ರವರೆಗೆ ಅಮೆರಿಕದಲ್ಲೆಲ್ಲ ಪಾನನಿರೋಧ ಜಾರಿಯಲ್ಲಿತ್ತು. ಆದರೆ ಟಾಮ್ ಪೆಂಡರ್‌ಗಾಸ್ಟ್ ಎಂಬ ರಾಜಕೀಯ ಮುಖಂಡನ ಹಿಡಿತದಲ್ಲಿದ್ದ ಈ ನಗರದಲ್ಲಿ ಕಾನೂನು ಹೆಸರಿಗೆ ಮಾತ್ರ ಇತ್ತು. ಕ್ಲಬ್ಬುಗಳು ರಾತ್ರಿಯಿಡೀ ತೆರೆದಿರುತ್ತಿದ್ದವು. 1939ರಲ್ಲಿ ತೆರಿಗೆ ವಂಚನೆಗಾಗಿ ಪೆಂಡರ್‌ಗಾಸ್ಟ್ ಜೈಲು ಸೇರುವವರೆಗೂ ಹೀಗೇ ನಡೆಯಿತು. ಇದರ ಒಳಿತು ಕೆಡುಕುಗಳೇನೇ ಇರಲಿ, ದೇಶದಲ್ಲೆಲ್ಲ ಕೆಲಸಕ್ಕೆ ಬರ ಬಂದಿದ್ದಾಗ ಇಲ್ಲಿ ಸಂಗೀತಗಾರರಿಗೆ ಪ್ರತಿದಿನ ಕೆಲಸವಿತ್ತು. ಅದೇ ವೇಳೆ ವರ್ಣಭೇದವೂ ಇತ್ತು. ಕರಿಯರಿಗೆ ಬೇರೆ ಶಾಲೆ, ಬೇರೆ ಬಡಾವಣೆ, ಸಂಗೀತಗಾರರ ಸಂಘ ಕೂಡ ಬೇರೆ. ಚಾರ್ಲಿ ಓದಿದ ಲಿಂಕನ್ ಹೈಸ್ಕೂಲ್ ಕರಿಯ ಮಕ್ಕಳಿಗಾಗಿಯೇ ಇದ್ದ ಶಾಲೆ. ಅಲ್ಲಿನ ಬ್ಯಾಂಡಿನಲ್ಲಿ ಅವನ ಪಾಲಿಗೆ ಬಂದದ್ದು ಬ್ಯಾರಿಟೋನ್ ಹಾರ್ನ್ ಎಂಬ ದಪ್ಪ ಹಿತ್ತಾಳೆಯ ವಾದ್ಯ.

ನೃತ್ಯವೃಂದ ಎಂದರೇನು?

ಇಂದು ಜಾಝ್ ಕೇಳಲು ಜನ ಸಭಾಂಗಣದಲ್ಲಿ ಸುಮ್ಮನೆ ಕೂರುತ್ತಾರೆ. ಆಗ ಹಾಗಿರಲಿಲ್ಲ. ಜನ ಬರುತ್ತಿದ್ದುದು ಕುಣಿಯುವುದಕ್ಕೆ. ಹತ್ತು ಹದಿನೈದು ಮಂದಿಯ ವೃಂದ ವೇದಿಕೆಯಲ್ಲಿ ಗಂಟೆಗಟ್ಟಲೆ ನುಡಿಸಬೇಕು. ಪಿಯಾನೊ, ಬಾಸ್, ಗಿಟಾರ್ ಮತ್ತು ಡ್ರಮ್ಸ್ ಸೇರಿ ಲಯ ಹಿಡಿದರೆ, ಟ್ರಂಪೆಟ್, ಟ್ರಾಂಬೋನ್ ಹಾಗೂ ಸ್ಯಾಕ್ಸೋಫೋನ್‌ಗಳು ರಾಗ ನುಡಿಸುತ್ತವೆ. ಹಾಡಿನ ಒಂದು ಸುತ್ತು ಸಾಮಾನ್ಯವಾಗಿ 32 ಬಾರ್, ಬ್ಲೂಸ್ ಆದರೆ 12 ಬಾರ್. ಪ್ರತಿ ಬಾರ್‌ಗೆ ನಾಲ್ಕು ಎಣಿಕೆ. ನಮ್ಮ ತಾಳದ ಆವರ್ತನದಂತೆ ಈ ಸುತ್ತು ಮತ್ತೆ ಮತ್ತೆ ಬರುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಇಲ್ಲಿ ಪ್ರತಿ ಒಂದೆರಡು ಬಾರ್‌ಗೆ ಹಿನ್ನೆಲೆಯ ಸ್ವರಗುಚ್ಛ, ಅಂದರೆ ಕಾರ್ಡ್, ಬದಲಾಗುತ್ತದೆ. ಒಂಟಿಯಾಗಿ ನುಡಿಸುವ ವಾದಕ ನಮ್ಮ ಕಲ್ಪನಾಸ್ವರದ ಹಾಗೆ ಸ್ಥಳದಲ್ಲೇ ರಚಿಸಿ ನುಡಿಸುತ್ತಾನೆ. ಆದರೆ ಬದಲಾಗುವ ಪ್ರತಿಯೊಂದು ಕಾರ್ಡಿಗೂ ಅವನ ಸ್ವರಗಳು ಹೊಂದಬೇಕು, ಎಣಿಕೆಯೂ ತಪ್ಪಬಾರದು. ಲಯ ತಪ್ಪಿದರೆ ಕುಣಿಯುವವರ ಹೆಜ್ಜೆ ತಪ್ಪುತ್ತದೆ. ಅದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಬೇಕೆ?

ಚಾರ್ಲಿ ಮೊದಲು ಸೇರಿದ್ದು ಲಾರೆನ್ಸ್ ಕೀಸ್ ಎಂಬ ಪಿಯಾನೊ ವಾದಕನ 'ಡೀನ್ಸ್ ಆಫ್ ಸ್ವಿಂಗ್' ಎಂಬ ವೃಂದಕ್ಕೆ. ಅದು ಹೆಚ್ಚಾಗಿ ಶಾಲಾ ಹುಡುಗರದೇ ಗುಂಪು. 1935ರ ಕೊನೆಗೆ, ಹದಿನೈದನೆಯ ವಯಸ್ಸಿನಲ್ಲಿ, ಅವನು ಶಾಲೆ ಬಿಟ್ಟು ಸಂಗೀತಗಾರರ ಸಂಘದ ಸದಸ್ಯನಾದ.

ಎರಡು ಅವಮಾನಗಳು

ಕೆಲಸ ಮುಗಿದ ಮೇಲೆ ಸಂಗೀತಗಾರರು ಕ್ಲಬ್ಬುಗಳಲ್ಲಿ ಸೇರಿ ಬೆಳಗಿನ ಜಾವದವರೆಗೆ ಒಬ್ಬರಿಗೊಬ್ಬರು ಸವಾಲು ಹಾಕುತ್ತ ನುಡಿಸುವ ಪದ್ಧತಿಯಿತ್ತು. ಇದನ್ನು ಜ್ಯಾಮ್ ಸೆಷನ್ ಎನ್ನುತ್ತಾರೆ. 'ಹೈ ಹ್ಯಾಟ್' ಎಂಬಲ್ಲಿ ಹುಡುಗ ಚಾರ್ಲಿ ಧೈರ್ಯ ಮಾಡಿ ವೇದಿಕೆ ಏರಿದ. ಅವನಿಗೆ ಬರುತ್ತಿದ್ದುದು ಒಂದೆರಡು ಹಾಡು ಮಾತ್ರ. 'ಬಾಡಿ ಅಂಡ್ ಸೋಲ್' ಎಂಬ ಹಾಡಿನಲ್ಲಿ ವೇಗವನ್ನು ಎರಡರಷ್ಟು ಮಾಡಲು ಹೋಗಿ ದಾರಿ ತಪ್ಪಿದ. ಎಲ್ಲರೂ ನಕ್ಕರು. ಮನೆಗೆ ಹೋಗಿ ಅತ್ತದ್ದನ್ನೂ, ಮೂರು ತಿಂಗಳು ವಾದ್ಯ ಮುಟ್ಟದೆ ಇದ್ದುದನ್ನೂ ಮುಂದೆ ಅವನೇ ಸಂದರ್ಶನವೊಂದರಲ್ಲಿ ಹೇಳಿಕೊಂಡ.

ಎರಡನೆಯದು 1936ರಲ್ಲಿ, ರೀನೊ ಕ್ಲಬ್ಬಿನಲ್ಲಿ. ಅಲ್ಲಿ ನುಡಿಸುತ್ತಿದ್ದುದು ಮುಂದೆ ಜಗತ್ಪ್ರಸಿದ್ಧವಾದ ಕೌಂಟ್ ಬೇಸಿಯ ವೃಂದ. ಡ್ರಮ್ಸ್ ಬಳಿ ಜೋ ಜೋನ್ಸ್ ಕುಳಿತಿದ್ದರು. ಚಾರ್ಲಿ ಆರಂಭದಲ್ಲಿ ಚೆನ್ನಾಗಿಯೇ ನುಡಿಸಿ, ಆಮೇಲೆ ಕಾರ್ಡ್‌ಗಳ ದಾರಿ ತಪ್ಪಿ ತಡವರಿಸಿದ. ಜೋನ್ಸ್ ತಮ್ಮ ಡ್ರಮ್ಸ್‌ನ ಸಿಂಬಲ್ ಒಂದನ್ನು ಬಿಚ್ಚಿ ಅವನ ಕಾಲ ಬುಡಕ್ಕೆ ಎಸೆದರು. ಇನ್ನು ಸಾಕು, ಇಳಿ ಎಂದು ಅದರ ಅರ್ಥ. ಈ ಘಟನೆಯನ್ನು ಅವನ ಗೆಳೆಯ, ಬಾಸ್ ವಾದಕ ಜೀನ್ ರೇಮಿ ಹಲವು ಬಾರಿ ನೆನೆದಿದ್ದಾರೆ. ಹದಿನಾರು ತುಂಬುತ್ತಿದ್ದ ಹುಡುಗ ನೆರೆದವರ ನಗೆಯ ನಡುವೆ ವೇದಿಕೆಯಿಂದ ಇಳಿದ.

ಬೆಟ್ಟದೂರಿನ ಬೇಸಿಗೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಚಾರ್ಲಿ ಹಾಗೆನ್ನಲಿಲ್ಲ. ತನಗೆ ಏನು ಗೊತ್ತಿಲ್ಲ ಎಂಬುದನ್ನು ಅವನು ಕಂಡುಕೊಂಡ. ಅವನಿಗೆ ಬೆರಳ ಚುರುಕಿತ್ತು, ಕಾರ್ಡ್‌ಗಳ ಜ್ಞಾನವಿರಲಿಲ್ಲ. 1937ರ ಬೇಸಿಗೆಯಲ್ಲಿ ಜಾರ್ಜ್ ಲೀ ಅವರ ನೃತ್ಯವೃಂದಕ್ಕೆ ಓಝಾರ್ಕ್ ಬೆಟ್ಟಗಳ ವಿಹಾರಧಾಮವೊಂದರಲ್ಲಿ ಕೆಲಸ ಸಿಕ್ಕಿತು. ಚಾರ್ಲಿಯೂ ಜೊತೆಗೆ ಹೋದ. ಸಂಜೆ ಕುಣಿತಕ್ಕೆ ನುಡಿಸುವುದು, ಹಗಲೆಲ್ಲ ಬಿಡುವು. ಆ ಬಿಡುವಿನಲ್ಲಿ ಪಿಯಾನೊ ವಾದಕಿ ಕ್ಯಾರಿ ಪವೆಲ್ ಮತ್ತು ಗಿಟಾರ್ ವಾದಕ ಎಫರ್ಜ್ ವೇರ್ ಅವನಿಗೆ ಕಾರ್ಡ್‌ಗಳ ರಚನೆಯನ್ನು ಹೇಳಿಕೊಟ್ಟರು. ಕೌಂಟ್ ಬೇಸಿ ತಂಡದ ಲೆಸ್ಟರ್ ಯಂಗ್ ನುಡಿಸಿದ್ದ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ ಪ್ರತಿಯೊಂದು ಸ್ವರವನ್ನೂ ಅವನು ಬಾಯಿಪಾಠ ಮಾಡಿದ. ಊರಿಗೆ ಮರಳಿದಾಗ ಅವನನ್ನು ನೋಡಿ ನಕ್ಕವರೇ ಬೆರಗಾದರು.

ಬೇಸಿಗೆಯೊಂದರಲ್ಲೇ ಎಲ್ಲವೂ ಆಗಿಬಿಟ್ಟಿತು ಎಂದಲ್ಲ. ಮೂರು ನಾಲ್ಕು ವರ್ಷಗಳ ಕಾಲ ದಿನಕ್ಕೆ 11ರಿಂದ 15 ಗಂಟೆ ಅಭ್ಯಾಸ ಮಾಡಿದ್ದಾಗಿ 1954ರ ರೇಡಿಯೊ ಸಂದರ್ಶನದಲ್ಲಿ ಪಾರ್ಕರ್ ಹೇಳಿದ್ದಾನೆ. ಸದ್ದು ತಾಳಲಾರದೆ ನೆರೆಹೊರೆಯವರು, ಮನೆ ಖಾಲಿ ಮಾಡಬೇಕಾದೀತೆಂದು ಅವನ ತಾಯಿಯನ್ನು ಎಚ್ಚರಿಸಿದ್ದರಂತೆ! ಫ್ಲಾಟುಗಳಲ್ಲಿ ವಾಸಿಸುವ ನಮಗೆ ಎರಡೂ ಕಡೆಯವರ ಕಷ್ಟ ಅರ್ಥವಾಗುತ್ತದೆ.

ಹಿರಿಯರ ಪಕ್ಕದ ಕುರ್ಚಿ

ಮುಂದೆ ಅವನಿಗೆ ಬಸ್ಟರ್ ಸ್ಮಿತ್ ಎಂಬ ಹಿರಿಯ ಆಲ್ಟೊ ವಾದಕರ ವೃಂದದಲ್ಲಿ ಜಾಗ ಸಿಕ್ಕಿತು. ಸಂಗೀತಗಾರರು ಸ್ಮಿತ್ ಅವರನ್ನು 'ಪ್ರೊಫೆಸರ್' ಎಂದೇ ಕರೆಯುತ್ತಿದ್ದರು. ಸ್ಮಿತ್ ತಾವು ಎರಡು ಸುತ್ತು ನುಡಿಸಿದರೆ ಹುಡುಗನಿಗೂ ಎರಡು ಸುತ್ತು ಬಿಡುತ್ತಿದ್ದರು. ಪಕ್ಕದಲ್ಲಿ ಕುಳಿತು, ಕೇಳಿ, ಅಲ್ಲೇ ಉತ್ತರ ಕೊಡುವ ಈ ಪಾಠ ನಮ್ಮ ಗುರುಕುಲಕ್ಕೆ ಹತ್ತಿರವಾದದ್ದು. ಸ್ಮಿತ್ ನ್ಯೂಯಾರ್ಕಿಗೆ ಹೋದಾಗ, 1939ರಲ್ಲಿ ಚಾರ್ಲಿಯೂ ಅಲ್ಲಿಗೆ ಹೋಗಿ ಅವರ ಮನೆಯಲ್ಲೇ ತಂಗಿದ. ಹೊಟ್ಟೆಪಾಡಿಗೆ ಹೋಟೆಲೊಂದರಲ್ಲಿ ತಟ್ಟೆ ತೊಳೆದ. ಅದೇ ಹೋಟೆಲಿನಲ್ಲಿ ಆರ್ಟ್ ಟೇಟಮ್ ಎಂಬ ಅದ್ಭುತ ಪಿಯಾನೊ ವಾದಕರು ನುಡಿಸುತ್ತಿದ್ದರು. ಪಾತ್ರೆ ತೊಳೆಯುವಾಗಲೂ ಕಿವಿ ಕೆಲಸ ಮಾಡುತ್ತಿತ್ತು. 'ಚೆರೋಕಿ' ಎಂಬ ಹಾಡನ್ನು ನುಡಿಸುತ್ತಿದ್ದಾಗ ಕಾರ್ಡಿನ ಮೇಲ್ತುದಿಯ ಸ್ವರಗಳನ್ನೇ ಹಿಡಿದು ರಾಗ ಕಟ್ಟಬಹುದೆಂಬ ದಾರಿ ಅವನಿಗೆ ಹೊಳೆದದ್ದು ಇಲ್ಲಿಯೇ.

1940ರಲ್ಲಿ ಅವನು ಕ್ಯಾನ್ಸಾಸ್ ಸಿಟಿಯ ಜೇ ಮೆಕ್‌ಶಾನ್ ಅವರ ವೃಂದದಲ್ಲಿದ್ದ. ಊರಿಂದೂರಿಗೆ ಪ್ರಯಾಣ, ರಾತ್ರಿ ಕುಣಿತ, ಮತ್ತೆ ಪ್ರಯಾಣ. ಈ ಪ್ರವಾಸಗಳಲ್ಲೇ ಅವನಿಗೆ 'ಯಾರ್ಡ್‌ಬರ್ಡ್' ಎಂಬ ಅಡ್ಡಹೆಸರು ಅಂಟಿ, ಮುಂದೆ ಅದು 'ಬರ್ಡ್' ಆಯಿತು. 1941ರ ಏಪ್ರಿಲ್ 30ರಂದು ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಈ ವೃಂದ ಡೆಕ್ಕಾ ಕಂಪನಿಗಾಗಿ ಧ್ವನಿಮುದ್ರಣ ಮಾಡಿತು. 'ಹೂಟಿ ಬ್ಲೂಸ್' ಎಂಬ ಹಾಡಿನಲ್ಲಿ ಪಾರ್ಕರ್ ನುಡಿಸಿದ್ದು ಕೇವಲ 12 ಬಾರ್, ಸುಮಾರು ಅರ್ಧ ನಿಮಿಷ. ಆಗಿನ ತಟ್ಟೆಗಳಲ್ಲಿ ಒಂದು ಬದಿಗೆ ಹಿಡಿಸುತ್ತಿದ್ದುದೇ ಸುಮಾರು ಮೂರು ನಿಮಿಷ. ಆದರೂ ಆ ಅರ್ಧ ನಿಮಿಷವನ್ನು ಕೇಳಿದ ವಾದಕರು ಯಾರಿದು ಎಂದು ವಿಚಾರಿಸತೊಡಗಿದರು. 1942ರಲ್ಲಿ ನ್ಯೂಯಾರ್ಕಿನ ಸವಾಯ್ ನೃತ್ಯಶಾಲೆಯಲ್ಲಿ ಈ ವೃಂದ ನುಡಿಸಿದ ಮೇಲೆ ಪಾರ್ಕರ್ ಆ ನಗರದಲ್ಲೇ ಉಳಿದ. 1945ರ ನವೆಂಬರ್ 26ರಂದು 'ಚೆರೋಕಿ'ಯ ಕಾರ್ಡ್‌ಗಳ ಮೇಲೆಯೇ ಕಟ್ಟಿದ 'ಕೊ-ಕೊ' ಧ್ವನಿಮುದ್ರಣವಾಯಿತು. 'ಬಿಬಾಪ್' ಎಂಬ ಹೊಸ ಶೈಲಿಗೆ ಅದು ನಾಂದಿಗಳಲ್ಲಿ ಒಂದಾಯಿತು.

ಕತೆಯ ಇನ್ನೊಂದು ಮುಖ

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. 1936ರ ನವೆಂಬರ್‌ನಲ್ಲಿ ಕಾರ್ಯಕ್ರಮಕ್ಕೆ ಹೋಗುವಾಗ ಕಾರು ಅಪಘಾತವಾಗಿ ಚಾರ್ಲಿಯ ಪಕ್ಕೆಲುಬುಗಳು ಮುರಿದವು, ಜೊತೆಗಿದ್ದ ಒಬ್ಬ ಸಂಗೀತಗಾರ ತೀರಿಕೊಂಡ. ಹದಿಹರೆಯದಲ್ಲೇ ಅವನು ಮಾದಕ ವಸ್ತುಗಳ ದಾಸನಾದ. ಆ ಚಟ ಅವನನ್ನು ಬಿಡಲೇ ಇಲ್ಲ. 1955ರ ಮಾರ್ಚ್ 12ರಂದು ಅವನು ಸತ್ತಾಗ ಪರೀಕ್ಷಿಸಿದ ವೈದ್ಯರು ದೇಹ ನೋಡಿ 50ಕ್ಕೂ ಹೆಚ್ಚು ವಯಸ್ಸಾಗಿರಬೇಕೆಂದು ಅಂದಾಜು ಮಾಡಿದರು. ನಿಜವಾದ ವಯಸ್ಸು 34. ಅವನಂತೆ ನುಡಿಸಬೇಕೆಂದು ಎಷ್ಟೋ ತರುಣರು ಅವನ ಚಟವನ್ನೂ ಅನುಕರಿಸಿ ಹಾಳಾದರು. ಮಾದಕ ವಸ್ತುವಿನಿಂದ ಚೆನ್ನಾಗಿ ನುಡಿಸಬಹುದೆಂಬುದು ಸುಳ್ಳು ಎಂದು ಪಾರ್ಕರ್ ಸ್ವತಃ ಹೇಳಿದ್ದ. ಅವನ ಸಂಗೀತ ಬಂದದ್ದು ದಿನದ ಹನ್ನೊಂದು ಗಂಟೆಗಳ ದುಡಿಮೆಯಿಂದ. ಚಟದಿಂದ ಬಂದದ್ದು ಅಕಾಲ ಮರಣ ಮಾತ್ರ.

ವಿದ್ಯಾರ್ಥಿಗಳೇ, ಇದರಿಂದ ನಾವು ಕಲಿಯಬೇಕಾದದ್ದೇನು? ಶಾಲೆ ಬಿಡಬೇಕೆಂದಲ್ಲ. ಜನರ ಮುಂದೆ ತಪ್ಪಿದಾಗ ಆ ತಪ್ಪಿಗೆ ಒಂದು ಹೆಸರಿಡಲು ಕಲಿಯಬೇಕು. 'ನನಗೆ ಬರುವುದಿಲ್ಲ' ಎಂದರೆ ಅದು ಅಳು. 'ನನಗೆ ಕಾರ್ಡ್‌ಗಳು ಗೊತ್ತಿಲ್ಲ' ಎಂದರೆ ಅದು ನಾಳೆಯ ಪಾಠ. ತಂದೆತಾಯಿಯರೂ ಗಮನಿಸಬೇಕಾದ ಸಂಗತಿಯೊಂದಿದೆ. ಸಿಂಬಲ್ ಎಸೆದಿದ್ದರಿಂದ ಚಾರ್ಲಿ ಬೆಳೆದ ಎಂದು ಹಲವರು ಹೇಳುವುದುಂಟು. ಆದರೆ ಅವನಿಗೆ ವಿದ್ಯೆ ಕೊಟ್ಟದ್ದು ಆ ಸಿಂಬಲ್ ಅಲ್ಲ. ವಾದ್ಯ ತಂದುಕೊಟ್ಟ ತಾಯಿ, ಕಾರ್ಡ್ ಹೇಳಿಕೊಟ್ಟ ಕ್ಯಾರಿ ಪವೆಲ್ ಮತ್ತು ಎಫರ್ಜ್ ವೇರ್, ಪಕ್ಕದಲ್ಲಿ ಕೂರಿಸಿಕೊಂಡ ಬಸ್ಟರ್ ಸ್ಮಿತ್.

ಭಾರತೀಯ ಮೂಲದ ಅಮೆರಿಕನ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ 2008ರಲ್ಲಿ ಕದ್ರಿ ಗೋಪಾಲನಾಥ್ ಅವರೊಂದಿಗೆ 'ಕಿನ್ಸ್‌ಮೆನ್' ಎಂಬ ಆಲ್ಬಮ್ ಹೊರತಂದರು. 2015ರಲ್ಲಿ ಪಾರ್ಕರ್‌ನ ಸಂಗೀತದಿಂದ ಪ್ರೇರಿತವಾದ 'ಬರ್ಡ್ ಕಾಲ್ಸ್' ಎಂಬ ಇನ್ನೊಂದನ್ನು ತಂದರು. ಕ್ಯಾನ್ಸಾಸ್ ಸಿಟಿಯ ನೃತ್ಯಶಾಲೆಗಳಲ್ಲಿ ಹರಿದ ಉಸಿರು ಮತ್ತು ಮಂಗಳೂರಿನಲ್ಲಿ ಸಾಧನೆಗೈದ ಉಸಿರು ಒಬ್ಬನೇ ಕಲಾವಿದನ ವಾದ್ಯದಲ್ಲಿ ಕೂಡಿದವು. ಬಿಡುವಾದಾಗ ಮನೆಮಂದಿಯೆಲ್ಲ ಕುಳಿತು 'ಹೂಟಿ ಬ್ಲೂಸ್'ನ ಆ ಹನ್ನೆರಡು ಬಾರ್‌ಗಳನ್ನು ಎಣಿಸುತ್ತ ಕೇಳಿ ನೋಡಿ.